ದೊಡ್ಡಮ್ಮನ ಗುಡುಗುಪೆಟ್ಟಿಗೆ

ನಮ್ಮ ದೊಡ್ಡಮ್ಮನ ಮನೆಗೆ ಹೋದವರಿಗೆ ಬಾಯಿ ತೆರೆಯುವ ಪುರಸೊತ್ತು ಸಿಗುತ್ತಿರಲಿಲ್ಲ. ಹೊಸ್ತಿಲು ದಾಟುವ ಮೊದಲೇ ಅವಳು ಶುರು ಮಾಡಿಬಿಡುತ್ತಿದ್ದಳು. "ಬರ್ರಿ, ಕುಂತ್ಕಳ್ರಿ. ನಮ್ದು ಊಟ ಆಗೈತೆ. ಯಜಮಾನ್ರು ಮಂಡಿಗೆ ಹೋಗ್ಯಾರೆ, ಸಂಜಿಗೆ ಬತ್ತಾರೆ. ಮಗಳು ಗಂಡನ ಮನ್ಯಾಗೆ ಚೆನ್ನಾಗವ್ಳೆ. ಮಳೆ ಇಲ್ಲ, ಏನಿಲ್ಲ. ನೀವು ಮಜ್ಜಿಗೆ ಕುಡೀರಿ." ಬಂದವರು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದ ಪ್ರಶ್ನೆಗಳೆಲ್ಲ ಕೇಳುವ ಮುಂಚೆಯೇ ಮುಗಿದುಹೋಗಿರುತ್ತಿದ್ದವು. ಮಜ್ಜಿಗೆ ಕುಡಿದು, ಏನಕ್ಕೆ ಬಂದೆವೆಂದು ತಾವೇ ಮರೆತು ಎದ್ದು ಹೋಗುತ್ತಿದ್ದರು.

ನಮ್ಮ ದೊಡ್ಡಮ್ಮ ಸಿದ್ದಮ್ಮನಿಗೆ ಬಾಯಿ ಜಾಸ್ತಿ ಎಂದು ಹೊಸದುರ್ಗದ ನಮ್ಮ ಕೇರಿಯೆಲ್ಲ ನಗುತ್ತಿತ್ತು. ಬಾಯಿ ಜಾಸ್ತಿಯಾಗಿರಲಿಲ್ಲ, ಕಿವಿ ಕಡಿಮೆಯಾಗಿತ್ತು. ತಾನೇ ಮಾತಾಡುತ್ತಿದ್ದರೆ ಬೇರೆಯವರು ಕೇಳುವುದಿಲ್ಲ, ಕೇಳದಿದ್ದರೆ ಉತ್ತರ ಕೊಡುವ ಪ್ರಮೇಯವಿಲ್ಲ. ಇದು ಅವಳು ಕಂಡುಕೊಂಡ ದಾರಿ. ಗುಟ್ಟು ಗೊತ್ತಿದ್ದದ್ದು ದೊಡ್ಡಪ್ಪನಿಗೆ ಮತ್ತು ನನಗೆ. ನಾನು ಅವಳ ತಂಗಿಯ ಮಗಳು. ಹೈಸ್ಕೂಲು ಮುಗಿಸಿ, ಟೈಪಿಂಗ್ ಕಲಿಯಲೆಂದು ತುರುವನೂರಿನಿಂದ ಬಂದು ಅವರ ಮನೆಯಲ್ಲಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು.

ಕಿವಿ ಕೇಳದಿದ್ದರೆ ಅಷ್ಟೊಂದು ಮುಚ್ಚಿಡುವುದೇನಿದೆ ಎಂದು ಈಗಿನವರಿಗೆ ಅನ್ನಿಸಬಹುದು. ಆದರೆ ನಮ್ಮ ಅಜ್ಜಿಗೂ, ಅಂದರೆ ದೊಡ್ಡಮ್ಮನ ತಾಯಿಗೂ, ಹೀಗೇ ಆಗಿತ್ತು. ಕೊನೆಕೊನೆಗೆ ಆ ಮನೆಯನ್ನು ಊರವರು ಕೆಪ್ಪಮ್ಮನ ಮನೆ ಎನ್ನುತ್ತಿದ್ದರು. ಅಜ್ಜಿ ಎದುರಿಗೆ ಕೂತಿದ್ದರೂ "ಬಿಡು, ಅವಳಿಗೇನು ಕೇಳ್ತೈತೆ" ಎಂದು ಅವಳ ವಿಷಯವನ್ನೇ ಆಡಿಕೊಳ್ಳುತ್ತಿದ್ದರು. ಹುಡುಗಿಯಾಗಿದ್ದಾಗ ತಾನೂ ಹಾಗೆ ಆಡಿದ್ದೇನೆಂದು ದೊಡ್ಡಮ್ಮ ನನಗೊಮ್ಮೆ ಹೇಳಿದ್ದಳು. ಹೇಳಿ ಆಮೇಲೆ ಬಹಳ ಹೊತ್ತು ಅಕ್ಕಿ ಆರಿಸಿದಳು.

ಇನ್ನೊಂದು ಕಾರಣ ಸೋಬಾನೆ. ಮತ್ತೋಡಿನಿಂದ ಹೊಳಲ್ಕೆರೆಯ ಕಡೆಯವರೆಗೆ ನಮ್ಮ ಬಳಗದಲ್ಲಿ ಯಾರ ಮನೆ ಮದುವೆಯಾದರೂ ಸೋಬಾನೆ ಹೇಳಲು ಸಿದ್ದಮ್ಮನೇ ಬರಬೇಕಿತ್ತು. ಒಬ್ಬಳು ಸೊಲ್ಲು ಹೇಳಿಕೊಡುತ್ತಾಳೆ, ಉಳಿದ ಹೆಂಗಸರು ಅದನ್ನೇ ತಿರುಗಿ ಹಾಡುತ್ತಾರೆ, ಅವರು ಮುಗಿಸುತ್ತಿದ್ದ ಹಾಗೆ ಮುಂದಿನ ಸೊಲ್ಲು. ಹೇಳಿಕೊಡುವವಳಿಗೆ ನೂರಾರು ಪದ ನೆನಪಿದ್ದರೆ ಸಾಲದು, ಹಿಂದಿನವರು ಎಲ್ಲಿಗೆ ಮುಗಿಸಿದರು ಎನ್ನುವುದು ಕಿವಿಗೆ ಬೀಳಬೇಕು. ನಾನು ತೊಟ್ಟಿಲಲ್ಲಿದ್ದಾಗಲೇ ಅವಳು ಅಮ್ಮನಿಗೆ ಮಾತು ಕೊಟ್ಟಿದ್ದಳಂತೆ: "ಈ ಕೂಸಿನ ಹಸೆ ಪದ ನಾನೇ ಹೇಳೋದು. ಬ್ಯಾರೆ ಯಾರಾದ್ರೂ ಬಾಯಿ ಹಾಕಿದ್ರೆ ನೋಡು ಮತ್ತೆ."

ಕಿವಿ ಕೈಕೊಟ್ಟದ್ದು ಇನ್ನೇನು ಹೊರಗೆ ಬಿತ್ತು ಎನ್ನುವಂತಾದದ್ದು ಮತ್ತೋಡಿನ ಒಂದು ಮದುವೆಯಲ್ಲಿ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ಹೇಳಿಕೊಡುತ್ತಿದ್ದಳು. ಅಷ್ಟರಲ್ಲಿ ಯಾರೋ ಹಿರಿಯರು ಏನೋ ಹೇಳಬೇಕೆಂದು ಕೈಯೆತ್ತಿದರು. ವಾಲಗ ನಿಂತಿತು, ಹೆಂಗಸರು ನಿಂತರು. ನಮ್ಮ ದೊಡ್ಡಮ್ಮನೊಬ್ಬಳೇ ಹಾಡುತ್ತಿದ್ದಳು. ಒಂದು ಸೊಲ್ಲಾಯಿತು, ಎರಡನೆಯದಾಯಿತು, ಹಿಂದಿನವರು ಹಾಡಿದರೆಂದುಕೊಂಡು ಮೂರನೆಯದೂ ಆಯಿತು. ಚಪ್ಪರದ ತುದಿಯಲ್ಲಿ ಒಬ್ಬ ಹುಡುಗಿ ಕಿಸಕ್ಕೆಂದಳು. ಪಕ್ಕದಲ್ಲಿದ್ದ ನಮಗೆಲ್ಲ ನೆಲ ನೋಡುವಂತಾಯಿತು. ಕಣ್ಣು ಬಿಟ್ಟಾಗ ಅವಳ ಮುಖ ಹೇಗಾಯಿತೆಂದು ನಾನು ಬರೆಯಲಾರೆ. ಗಂಟಲು ಸರಿ ಮಾಡಿಕೊಳ್ಳುವವಳ ಹಾಗೆ ಕೆಮ್ಮಿ, ನೀರು ಕೇಳಿ ಎದ್ದುಹೋದಳು. ಹಾಡಿನಲ್ಲಿ ಮೈಮರೆತಳೆಂದು ಜನ ಅಂದುಕೊಂಡರು.

ಅಲ್ಲಿಂದ ಮುಂದೆ ಕರೆಯಲು ಬಂದವರಿಗೆಲ್ಲ ಮಂಡಿನೋವು, ಗಂಟಲುಬೇನೆ, ಇಲ್ಲವೇ ಆಳುಕಾಳು ಸಿಗದ ತಾಪತ್ರಯ. ನನಗೆ ಗಂಡು ನೋಡುವ ಮಾತು ಆಗಲೇ ಶುರುವಾಗಿತ್ತು. ಮನೆಯಲ್ಲಿ ಆ ಸುದ್ದಿ ಎದ್ದ ದಿನವೆಲ್ಲ ದೊಡ್ಡಮ್ಮ ಒಲೆಯ ಮುಂದೆ ಕೂತು ತುಟಿಯಲ್ಲೇ ಸೊಲ್ಲು ಎಣಿಸುತ್ತಿದ್ದಳು. ನನ್ನ ಮದುವೆಯಲ್ಲಿ ಹೇಳಿಕೊಡುವುದಕ್ಕಾಗುತ್ತದೋ ಇಲ್ಲವೋ ಎನ್ನುವುದೊಂದೇ ಅವಳ ಚಿಂತೆ.

ಈಗ ಕಾರಿನ ವಿಷಯ ಹೇಳಬೇಕು. ದೊಡ್ಡಪ್ಪ ರುದ್ರಪ್ಪನದು ಕೊಬ್ಬರಿ ವ್ಯಾಪಾರ. ಚಿತ್ರದುರ್ಗದ ಕಡೆ ಗಣಿಯಲ್ಲಿದ್ದ ಬಿಳಿಯ ದೊರೆಯೊಬ್ಬರು ಊರು ಬಿಡುವಾಗ ಮಾರಿದ ಹಳೆಯ ವಿಲಾಯತಿ ಕಾರೊಂದು ಅವನ ಪಾಲಿಗೆ ಬಂದಿತ್ತು. ಮೂತಿ ಚಿಕ್ಕದು, ಡಿಕ್ಕಿ ಎನ್ನುವುದೇ ಇಲ್ಲ. ಬೆನ್ನ ಕಡೆಗೊಂದು ಬಾಗಿಲು, ಅದು ಮೇಲಕ್ಕೇಳುತ್ತಿತ್ತು. ಅಂಥದ್ದನ್ನು ನಮ್ಮೂರಿನವರು ನೋಡಿರಲಿಲ್ಲವಾದ್ದರಿಂದ ಅದಕ್ಕೆ ಕೋಳಿಗೂಡು ಎಂದು ಹೆಸರಿಟ್ಟರು. ದೊಡ್ಡಪ್ಪ ಆ ಬಾಗಿಲೆತ್ತಿ ಕೊಬ್ಬರಿ ಚೀಲ ತುಂಬುವಾಗ "ಎಷ್ಟು ಮೊಟ್ಟೆ ಇಟ್ಟೈತೆ ರುದ್ರಪ್ನೋರೆ?" ಎಂದು ಕೇಳದ ದಾರಿಹೋಕರಿಲ್ಲ.

ಒಂದು ದಿನ ಹಾಳು ರಸ್ತೆಯಲ್ಲಿ ಬರುವಾಗ ಕಾರು ಗುಡುಗುಟ್ಟಿತು. ಹಿಂದಿನ ಸೀಟಿನಲ್ಲಿದ್ದ ದೊಡ್ಡಮ್ಮ "ಇದು ಕೇಳ್ತೈತೆ ನನಗೆ" ಎಂದಳು. ಬೆನ್ನಿಗೆ ಕೇಳುತ್ತದಂತೆ. ಅದೇ ಎಳೆ ಹಿಡಿದು ಮೂರು ದಿನ ಯೋಚಿಸಿದವಳು, ಸೋಬಾನೆ ಅಭ್ಯಾಸ ಮಾಡಲು ಕಾರಿಗೆ ಟೇಪು ಹಾಕಿಸೋಣ ಎಂದಳು. ಮನೆಯಲ್ಲಿ ಹಾಕಿಸಿದರೆ ಅವಳಿಗೆ ಬೇಕಾದಷ್ಟು ಜೋರಿನಲ್ಲಿ ಕೇರಿಗೆಲ್ಲ ಕೇಳುತ್ತದೆ, ಕೇರಿಗೆಲ್ಲ ಗೊತ್ತಾಗುತ್ತದೆ. ಕಾರಿನದಾದರೆ ಗಾಜು ಏರಿಸಿಕೊಂಡು ಕೂರಬಹುದು. ದೊಡ್ಡಪ್ಪನಿಗೆ ಹಾಡೆಂದರೆ ಹರಾಜಿನ ಕೂಗಿಗಿಂತ ಒಂದು ಕೈ ಕಡಿಮೆ. ಆದರೂ ಮಾರನೆಯ ದಿನವೇ "ದುರ್ಗಕ್ಕೆ ಹೋಗಾಣ ನಡೀರಿ" ಎಂದ.

ಚಿತ್ರದುರ್ಗದ ಸಂತೆಪೇಟೆ ಕಡೆ ಗೌಸ್ ಸಾಬ್ ಎನ್ನುವವರ ಅಂಗಡಿ. ಮದುವೆಗೆ ಮೈಕು ಬಾಡಿಗೆಗೆ ಕೊಡುತ್ತಿದ್ದರು, ಆಗಷ್ಟೇ ಕಾರಿಗೆ ಟೇಪು ಕೂರಿಸುವುದನ್ನೂ ಶುರು ಮಾಡಿದ್ದರು. ಮಾತೆಂದರೆ ಮಾತು. ದೊಡ್ಡಮ್ಮನೂ ಅವರೂ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರೆ, ಯಾರಿಗೆ ಯಾರ ಮಾತು ಕೇಳುತ್ತಿಲ್ಲವೆಂದು ಹೇಳುವುದೇ ಕಷ್ಟವಾಗಿತ್ತು.

ಮೊದಲು ಬಾಗಿಲಿಗೆ ಕೂರಿಸುವ ಪುಟ್ಟ ಸ್ಪೀಕರ್ ಜೋಡಿ ಹಚ್ಚಿದರು. "ಕೇಳ್ರಿ ಅಮ್ಮಾ, ಎಷ್ಟು ಸಾಫ್ ಐತೆ! ಬಳೆ ಸದ್ದೂ ಕೇಳ್ತೈತೆ." ದೊಡ್ಡಮ್ಮ ತಲೆದೂಗಿದಳು, ಮೆಚ್ಚಿದ ನಗೆ ನಕ್ಕಳು. ಆ ನಗೆಯ ಅರ್ಥ ನನಗೆ ಗೊತ್ತಿತ್ತು, ಏನೂ ಕೇಳಿಸದಾಗ ನಗುವ ನಗೆ ಅದು. "ಚೆನ್ನಾಗೈತೆ. ಇನ್ನೊಂದು ತೋರ್ಸಿ" ಎಂದಳು. ಆಮೇಲೆ ಸುತ್ತ ಬೆಳ್ಳಿಬಣ್ಣದ ಜಾಲರಿಯಿದ್ದ, ಮಿಣಮಿಣ ದೀಪವಿದ್ದ ಸೆಟ್ಟೊಂದು ಬಂತು. ಅದನ್ನು ಹಚ್ಚುವ ಮೊದಲೇ ಅವಳು ಕೈಯಾಡಿಸಿಬಿಟ್ಟಳು. "ಬ್ಯಾಡ್ರಿ. ಜನ ನೋಡಿದ್ರೆ ಟೂರಿಂಗ್ ಟಾಕೀಸಿನವ್ರು ಬಂದ್ರು ಅಂತಾರೆ. ಇರೋದೇ ಗೊತ್ತಾಗಬಾರ್ದು, ಅಂಥದ್ದು ಐತೇನು?"

ಇರುವುದೇ ಗೊತ್ತಾಗದ ಸರಕು ಮಾರಿ ಗೌಸ್ ಸಾಬರಿಗೆ ಅಭ್ಯಾಸವಿರಲಿಲ್ಲ. ಅವರು ಗಲ್ಲ ಕೆರೆದುಕೊಳ್ಳುತ್ತ, ದೊಡ್ಡಮ್ಮ ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಹಳೆಯ ರೇಡಿಯೋಗ್ರಾಮಿನ ತಟ್ಟೆಯಗಲದ ಸ್ಪೀಕರಿಗೆ, ಸರಿಯಿದೆಯೋ ಇಲ್ಲವೋ ನೋಡಲು ತಂತಿ ಮುಟ್ಟಿಸಿದರು. ಡೋಲಿನ ಏಟೊಂದು ಬಿತ್ತು. ಬೆಂಚು ನಡುಗಿತು. ದೊಡ್ಡಮ್ಮ ನೆಟ್ಟಗಾದಳು. ಎರಡು ಕೈಯನ್ನೂ ಬೆಂಚಿನ ಮೇಲೆ ಊರಿ, ಮುಂದಿನ ಏಟಿಗೆ ಕಾದಳು. ಅದು ಬಂತು. ಅವಳ ತುಟಿ ತಾನಾಗಿ ಅಲ್ಲಾಡತೊಡಗಿತು.

"ಇದು. ಇದೇ ಕೊಡ್ರಿ."

"ಅಮ್ಮಾ, ಇದು ಗಾಡಿಗಲ್ಲ. ಇದ್ರಾಗೆ ಸಣ್ಣ ದನಿ ಬರಲ್ಲ, ಬರೀ ಗುಡುಗು."

ಅವರ ತುಟಿಯನ್ನು ನೋಡಿ ಅರ್ಥ ಮಾಡಿಕೊಂಡಳೋ, ಊಹಿಸಿದಳೋ. "ನನಗೆ ಗುಡುಗೇ ಸಾಕು" ಎಂದಳು. ಗೌಸ್ ಸಾಬ್ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಟೋಪಿ ತೆಗೆದು, ಅದರೊಳಗೆ ಏನೋ ಬಿದ್ದಿದೆಯೆಂಬಂತೆ ನೋಡುತ್ತ, "ಅವ್ಳು ಹೇಳಿದಂಗೆ ಮಾಡ್ರಿ" ಎಂದ.

ಕೊನೆಗೆ ಕೂರಿಸಿದ್ದು ಇಷ್ಟು. ಮುಂದೆ ಒಂದು ಸಾಧಾರಣ ಟೇಪು, ಅದರ ಕೆಳಗೆ ಮೈಕ್ ಸೆಟ್ಟಿನ ಸಣ್ಣ ಆಂಪ್ಲಿಫೈಯರ್, ಹಿಂದಿನ ಸೀಟಿನ ಬೆನ್ನಿಗೆ ಒತ್ತಿದಂತೆ ಒಂದು ಮರದ ಪೆಟ್ಟಿಗೆ, ಅದರೊಳಗೆ ಆ ತಟ್ಟೆ ಸ್ಪೀಕರ್. ಪೆಟ್ಟಿಗೆ ಮೊದಲು ಗಡಗಡ ಎನ್ನುತ್ತಿತ್ತು. ದೊಡ್ಡಪ್ಪ ಅದಕ್ಕೆ ತೆಂಗಿನ ನಾರು ಗಿಡಿದು ತುಂಬಿದ. ಆಮೇಲೆ ಸದ್ದು ತುಂಬಿಕೊಂಡು ಬರತೊಡಗಿತು. ಮೇಲೆ ಎರಡು ಗೋಣಿಚೀಲ ಹೊದಿಸಿದರೆ ಕೊಬ್ಬರಿ ಸರಕಲ್ಲದೆ ಬೇರೇನೆಂದು ಯಾರೂ ಹೇಳುವಂತಿರಲಿಲ್ಲ. ಯಾವುದೋ ಮದುವೆಯಲ್ಲಿ ಮೈಕಿನ ಮುಂದೆ ತುಂಬಿಕೊಂಡ ಕ್ಯಾಸೆಟ್ಟೊಂದನ್ನು ಗೌಸ್ ಸಾಬರೇ ಕೊಟ್ಟರು. ಹೆಂಗಸರ ಸೋಬಾನೆ, ಹಿಂದೆ ಡೋಲು.

ಮಧ್ಯಾಹ್ನ ಊಟವಾದ ಮೇಲೆ, ಕೊಬ್ಬರಿ ಗೋದಾಮಿನ ಹಿಂದೆ ಕಾರು ನಿಲ್ಲಿಸುತ್ತಿದ್ದಲ್ಲಿ ನಮ್ಮ ಪಾಠ. ಹೊರಗೆ ಹೊಸದುರ್ಗದ ಬಿಸಿಲು. ಗಾಜು ನಾಲ್ಕೂ ಮೇಲೆ. ಅವಳು ಹಿಂದಿನ ಸೀಟಿಗೆ ಬೆನ್ನು ಒತ್ತಿ ಕೂತು ಸೊಲ್ಲು ಹೇಳುವುದು, ನಾನು ಮುಂದೆ ಕೂತು ಕ್ಯಾಸೆಟ್ಟಿನ ಹೆಂಗಸರು ಮುಗಿಸಿದಾಗ ಬೆರಳೆತ್ತುವುದು. ಇಬ್ಬರೂ ಇಡ್ಲಿಯ ಹಾಗೆ ಬೇಯುತ್ತಿದ್ದೆವು. ಟೈಪಿಂಗ್ ಕ್ಲಾಸಿನ ಗೆಳತಿಯರು ಯಾರಾದರೂ ನೋಡಿದರೆ ಎಂದು ನಾನು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದೆ. ಆದರೆ ಹದಿನೈದು ದಿನ ಕಳೆಯುವಷ್ಟರಲ್ಲಿ ನನ್ನ ಬೆರಳಿನ ಅಗತ್ಯ ಇಲ್ಲವಾಯಿತು. ಡೋಲು ಬೆನ್ನಿಗೆ ಹೇಳುತ್ತಿತ್ತು, ಅವಳು ಸರಿಯಾದ ಜಾಗಕ್ಕೆ ಬಂದು ಸೇರುತ್ತಿದ್ದಳು. "ಹೆಂಗೆ?" ಎಂದು ಹುಬ್ಬು ಹಾರಿಸುತ್ತಿದ್ದಳು. ಎಂಜಿನ್ ಹಾಕದೆ ಟೇಪು ಓಡಿಸಿದ್ದಕ್ಕೆ ಬ್ಯಾಟರಿ ಇಳಿದು, ದೊಡ್ಡಪ್ಪ ಬೆಳಿಗ್ಗೆ ಬೀದಿಯಲ್ಲಿ ಕಾರು ತಳ್ಳುವುದು ಮಾತ್ರ ತಪ್ಪಲಿಲ್ಲ.

ನಮ್ಮ ಮೂವರಿಗೂ ತಿಳಿಯದ ಒಂದು ವಿಷಯವಿತ್ತು. ಗಾಜು ಏರಿಸಿದರೆ ಹಾಡು ಒಳಗೇ ಉಳಿಯುತ್ತದೆ, ಗುಡುಗು ಉಳಿಯುವುದಿಲ್ಲ. ಹೆಂಗಸರ ದನಿಯೆಲ್ಲ ಕಾರಿನೊಳಗೆ ನಿಂತು, ಡೋಲಿನ ಏಟು ಮಾತ್ರ ಮಂಕಾಗಿ, ದೂರದಿಂದ ಬಂದಂತೆ, ಕೇರಿಯ ಮನೆಗಳಿಗೆ ಹೋಗುತ್ತಿತ್ತು. ನಮ್ಮ ಕಡೆ ಹೊತ್ತಲ್ಲದ ಹೊತ್ತಿನಲ್ಲಿ ಹಾಗೆ ನಿಧಾನಕ್ಕೆ ಏಟು ಬಿದ್ದರೆ ಅದು ಹೆಣದ ಮುಂದಿನ ಹಲಗೆಯ ಬಡಿತವೇ. ಎರಡು ಮನೆಯಾಚೆ ಈರಣ್ಣಜ್ಜ ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಮಲಗಿದ್ದ. ಇನ್ನೇನು ಬೇಕು?

ಒಂದು ದಿನ ದೊಡ್ಡಮ್ಮ ಟೇಪನ್ನು ಇನ್ನಷ್ಟು ಜೋರು ಮಾಡಿಸಿದಳು. ಅವತ್ತು ಮೊದಲು ಹೋದವರು ಯಾರೋ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಈರಣ್ಣಜ್ಜನ ಮನೆಯ ಜಗಲಿ ತುಂಬಿತಂತೆ. ಸೆರಗು ಬಾಯಿಗಿಟ್ಟ ಹೆಂಗಸರು, ಹೂವಿನ ಹಾರ ಹಿಡಿದ ಸಂಬಂಧಿ ಒಬ್ಬ, ಅಳು ಶುರು ಮಾಡಿಯೇಬಿಟ್ಟ ಒಬ್ಬಳು. ಒಳಗೆ ಸೊಸೆಯ ಕೈಯಲ್ಲಿ ಗಂಜಿ ಕುಡಿಯುತ್ತಿದ್ದ ಈರಣ್ಣಜ್ಜ ತಲೆಯೆತ್ತಿ, "ಯಾರು ಹೋದ್ರವ್ವಾ?" ಎಂದು ಕೇಳಿದನಂತೆ.

ಆಮೇಲೆ ಎಲ್ಲರೂ ಏಟಿನ ಸದ್ದನ್ನು ಹುಡುಕಿಕೊಂಡು ನಮ್ಮ ಗೋದಾಮಿನ ಹಿಂದಕ್ಕೆ ಬಂದರು. ನನಗೆ ಮೊದಲು ಕಂಡದ್ದು ಗಾಜಿಗೆ ಒತ್ತಿದ ಒಂದು ಮೂಗು. ಆಮೇಲೆ ನಾಲ್ಕೂ ಕಡೆ ಮುಖಗಳು. ಹಾರ ಹಿಡಿದವನು ಹಾರ ಹಿಡಿದೇ ಬಂದಿದ್ದ. ದೊಡ್ಡಮ್ಮ ಕಣ್ಣು ಮುಚ್ಚಿ, ಬೆವರಿಳಿಯುತ್ತ, ಗಂಟಲು ಬಿಚ್ಚಿ ಹಾಡುತ್ತಿದ್ದಳು. ನಾನು ಟೇಪು ಆರಿಸಿದೆ. ಬೆನ್ನಿಗೆ ಏಟು ನಿಂತದ್ದು ತಿಳಿದು ಅವಳು ಕಣ್ಣು ತೆರೆದಳು. ಮತ್ತೋಡಿನಲ್ಲಿ ನೋಡಿದ್ದ ಅದೇ ಮುಖವನ್ನು ಇನ್ನೊಂದು ಸಲ ನೋಡಬೇಕಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಕಾರಿನಿಂದ ಇಳಿಯಲೂ ಆಗದು, ಒಳಗಿರಲೂ ಆಗದು.

ಮಂಡಿಯಿಂದ ಓಡಿಬಂದ ದೊಡ್ಡಪ್ಪ ಬಾಗಿಲ ಮುಂದೆ ಅಡ್ಡ ನಿಂತ. "ನಾನೇ ಹಾಕ್ಸಿದ್ದು. ಅವ್ಳು ಬ್ಯಾಡ ಬ್ಯಾಡ ಅಂದ್ಲು. ನನಗೇ ಹಾಡಿನ ಹುಚ್ಚು, ಅಷ್ಟು ಜೋರಿಗೆ ಇಟ್ಟಿದ್ದೂ ನಾನೇ" ಎಂದ. ಜೀವಮಾನದಲ್ಲಿ ಒಂದು ಹಾಡು ಪೂರ್ತಿ ಕೇಳದ ಮನುಷ್ಯ. ಯಾರು ನಂಬಿದರೋ ಬಿಟ್ಟರೋ, ತಲೆ ತಗ್ಗಿಸಿಕೊಂಡು ನೇರ ಈರಣ್ಣಜ್ಜನ ಮನೆಗೆ ಹೋಗಿ ಕೈಮುಗಿದ. ಈರಣ್ಣಜ್ಜ, "ಇರ್ಲಿ ಬಿಡಪ್ಪ, ಯಾರ್ಯಾರು ಬರ್ತಾರೆ ಅಂತ ನೋಡಿದಂಗಾತು" ಎಂದ. ಊರು ಇದನ್ನು ಹೇಳಿಕೊಂಡು ನಕ್ಕಿತು. ದೊಡ್ಡಮ್ಮ ನಗಲಿಲ್ಲ. ಟೇಪು ಹಚ್ಚುವುದು ಅವತ್ತಿಗೆ ನಿಂತಿತು, ಅವಳು ಬಾಗಿಲಿಗೆ ಬರುವುದೂ ನಿಂತಿತು. ಮನೆಗೆ ಬಂದವರಿಗೆ ಮಜ್ಜಿಗೆ ಈಗ ನಾನು ಕೊಡುತ್ತಿದ್ದೆ.

ಮರುವರ್ಷ ನನ್ನ ಮದುವೆ ಗೊತ್ತಾಯಿತು. ಗಂಡಿನವರು ಹಿರಿಯೂರಿನ ಕಡೆಯವರು, ಮದುವೆ ನಮ್ಮ ತುರುವನೂರಿನಲ್ಲಿ. ದೊಡ್ಡಮ್ಮ ಬರುವುದಿಲ್ಲವೆಂದಳು, ಮಂಡಿನೋವು. ದೊಡ್ಡಪ್ಪ ವಾದ ಮಾಡಲಿಲ್ಲ. ಕಾರು ತೊಳೆದು, ಬೆನ್ನ ಬಾಗಿಲೆತ್ತಿ, ಪೆಟ್ಟಿಗೆಯ ಮೇಲಿನ ಗೋಣಿಚೀಲ ಒದರಿ ಮತ್ತೆ ಹೊದಿಸಿ, ಬೀದಿಯಲ್ಲಿ ನಿಲ್ಲಿಸಿದನಂತೆ. ಅವಳೇ ಬಂದು ಹಿಂದಿನ ಸೀಟಿನಲ್ಲಿ ಕೂತಳಂತೆ. ಹೊಳಲ್ಕೆರೆ ದಾಟಿದ ಮೇಲೆ, ಗಾಜು ಇಳಿಸಿಯೇ, ಅವನು ಕ್ಯಾಸೆಟ್ ಹಾಕಿದ. ಇದನ್ನು ಅವನೇ ನನಗೆ ಆಮೇಲೆ ಹೇಳಿದ್ದು.

ಹಸೆಗೆ ಕೂರಿಸುವಾಗ ಸೋಬಾನೆಗೆ ಯಾರು ಎಂಬ ಮಾತು ಬಂತು. ಅಮ್ಮ ಸುಮ್ಮನೆ ದೊಡ್ಡಮ್ಮನ ಕಡೆ ನೋಡಿದಳು. ದೊಡ್ಡಮ್ಮ ಮುಂದೆ ಬರಲಿಲ್ಲ, ಹಾಡುವ ಹೆಂಗಸರ ಸಾಲಿಗೂ ಹೋಗಲಿಲ್ಲ. ನನ್ನ ಹಿಂದೆ ಬಂದು ಕೂತು, ಜಡೆ ಸರಿಪಡಿಸುವ ನೆಪದಲ್ಲಿ ನನ್ನ ಬೆನ್ನ ಮೇಲೆ ಅಂಗೈ ಇಟ್ಟಳು. ಇಟ್ಟು, ಮೊದಲ ಸೊಲ್ಲು ಹೇಳಿದಳು. ದನಿ ಹಿಂದಿನಂತೆಯೇ ಇತ್ತು. ಹೆಂಗಸರು ತಿರುಗಿ ಹಾಡಿದರು. ಡೋಲಿನವರು ಅಷ್ಟು ಹೊತ್ತಿಗೆ ಕಾಫಿಗೆ ಹೋಗಿದ್ದರು. ಅವಳ ಬೆರಳು ನನ್ನ ಬೆನ್ನ ಮೇಲೆ ಹುಡುಕಾಡಿದವು. ಹೆಂಗಸರು ಎಲ್ಲಿಗೆ ಬಂದರೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ನನಗೆ ಅರ್ಥವಾಯಿತು. ಬಾಯಿ ಮುಚ್ಚಿಕೊಂಡೇ ಹೆಂಗಸರ ಜೊತೆ ಗುನುಗಿದೆ. ಸಾಲಲಿಲ್ಲ, ಅಂಗೈ ಇನ್ನಷ್ಟು ಒತ್ತಿತು. ಮದುಮಗಳು ತಲೆಯೆತ್ತುವುದೇ ತಪ್ಪು ಎನ್ನುವ ಜನ ನಾವು. ಹಸೆಯ ಮೇಲೆ ಕೂತವಳು ತನ್ನ ಸೋಬಾನೆ ತಾನೇ ಹಾಡುವುದೆಂದರೆ ಕಂಡು ಕೇಳಿದ್ದಲ್ಲ. ಆದರೂ ಎದೆಯಾಳದಿಂದ ದನಿ ತೆಗೆದು ಹಾಡಿದೆ, ಅವಳ ಕೈಗೆ ಮುಟ್ಟುವಷ್ಟು. ಅಂಗೈ ಹಗುರವಾಯಿತು. ನಾನು ಸೊಲ್ಲು ಮುಗಿಸುತ್ತಿದ್ದ ಹಾಗೆ ಅವಳು ಮುಂದಿನದನ್ನು ಎತ್ತಿಕೊಂಡಳು. ಒಂದು ಕಡೆಯೂ ತಪ್ಪಲಿಲ್ಲ.

ಗಂಡಿನ ಕಡೆ ಗುಸುಗುಸು ಎದ್ದಿತು. "ಮದುಮಗಳೇ ಹಾಡ್ತಾಳಲ್ಲೇ!" ಎಂದಳೊಬ್ಬಳು. "ನಾಚ್ಕೆ ಅನ್ನೋದು ಬ್ಯಾಡ್ವಾ?" ಎಂದದ್ದು ನನ್ನ ಅತ್ತೆಯಾಗುವವರೇ. ಪಕ್ಕದಲ್ಲಿ ಕೂತಿದ್ದ ಗಂಡು ಬಾಸಿಂಗದ ಮರೆಯಲ್ಲಿ ಬೇರೆ ಕಡೆ ತಿರುಗಿಕೊಂಡರು. ಅಮ್ಮ ದೂರದಿಂದಲೇ ಕಣ್ಣು ಬಿಟ್ಟಳು. ನನ್ನ ಕಿವಿಯೆಲ್ಲ ಸುಡುತ್ತಿತ್ತು. ನಾಚಿಕೆಯಾಗಲಿಲ್ಲವೆಂದು ದೊಡ್ಡಸ್ತಿಕೆಯಿಂದ ಬರೆದರೆ ಸುಳ್ಳಾಗುತ್ತದೆ. ಗಂಡನ ಮನೆಯಲ್ಲಿ ಬಹಳ ವರ್ಷ ನಾನು ಹಾಡುವ ಸೊಸೆಯೇ ಆಗಿದ್ದೆ. ಈಗಲೂ ಯಾರಾದರೂ ಆ ಮಾತು ತೆಗೆದರೆ ನನ್ನ ಕತ್ತು ತಾನಾಗಿ ಬಗ್ಗುತ್ತದೆ. ಅವತ್ತು ಹಾಡು ನಿಲ್ಲಿಸಲಿಲ್ಲ ಅಷ್ಟೇ, ಬೆನ್ನ ಮೇಲೆ ಆ ಕೈ ಇತ್ತು.

ನಾನು ಮುಂದಿನ ಹಬ್ಬಕ್ಕೆ ತವರಿಗೆ ಬರುವ ಮೊದಲೇ ದೊಡ್ಡಮ್ಮ ಜ್ವರ ಬಂದು ತೀರಿಕೊಂಡಳು. ದೊಡ್ಡಪ್ಪ ಕಾರನ್ನು ಮಾರಿದ, ಪೆಟ್ಟಿಗೆಯನ್ನು ಮಾತ್ರ ಇಳಿಸಿಕೊಂಡ. ಅದು ಗೋದಾಮಿನಲ್ಲಿ ಬಹಳ ಕಾಲ ಇತ್ತು. ನಾರು ಎಳೆದುಕೊಂಡು ಇಲಿಗಳು ಗೂಡು ಕಟ್ಟಿದ್ದವು. ದೊಡ್ಡಮ್ಮನನ್ನು ನಾನು ಕೊನೆಯ ಸಲ ನೋಡಿದ್ದು ನನ್ನ ಮದುವೆಯ ಆ ಚಪ್ಪರದಲ್ಲೇ.

ಅವತ್ತು ಸೋಬಾನೆ ಮುಗಿದಾಗ ಅವಳು ಮುಂದಕ್ಕೆ ಬಾಗಿ, ಬಾಯಿಗೆ ಸೆರಗು ಅಡ್ಡ ಹಿಡಿದು, ನನ್ನ ಕಿವಿಯಲ್ಲಿ ಗುಟ್ಟು ಹೇಳಿದಳು. ಕಿವಿ ಕೇಳದವರ ಗುಟ್ಟು ಎಷ್ಟು ಜೋರಿರುತ್ತದೆಂದು ಅವಳಿಗೆ ಹೇಗೆ ಗೊತ್ತಾಗಬೇಕು! "ನೋಡಿದ್ಯೇನೇ? ನನಗೆ ಕಿವಿ ಕೇಳಲ್ಲ ಅಂತ ಒಬ್ರಿಗೂ ಗೊತ್ತಾಗ್ಲಿಲ್ಲ!"

ಚಪ್ಪರದ ಈ ತುದಿಯಿಂದ ಆ ತುದಿಯವರೆಗೆ ಕೇಳಿತು. ಗುಸುಗುಸು ನಿಂತಿತು. ಒಬ್ಬರೂ ನಗಲಿಲ್ಲ. ನಮ್ಮ ಅತ್ತೆ ಹತ್ತಿರ ಬಂದು, ದೊಡ್ಡಮ್ಮನ ಕೈ ಹಿಡಿದು, ಮೆಲ್ಲಗೆ, "ಚೆನ್ನಾಗಿ ಹೇಳಿದ್ರವ್ವಾ" ಎಂದರು.

ದೊಡ್ಡಮ್ಮ ಅರಳಿದ ಮುಖದಲ್ಲಿ, ಅವರ ಮಾತು ಮುಗಿಯುವ ಮೊದಲೇ, "ನಮ್ದು ಊಟ ಆಗೈತ್ರಿ. ನೀವು ಕುಂತ್ಕಳ್ರಿ, ಮಜ್ಜಿಗೆ ಕುಡೀರಿ" ಎಂದಳು.